ಬಯಲುಸೀಮೆಯ ಮನೆಯಲ್ಲಿ ಮಧ್ಯಭೂಮಿಯ ಗೊಂಬೆಗಳು

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಶೋಕೇಸಿನಲ್ಲಿ ನೆಟ್ಟಗೆ ನಿಂತಿದ್ದ ಲೆಗೊಲಾಸ್ ಮುಂದಕ್ಕೆ ಬಾಗಿರುತ್ತಾನೆ. ಕೈಯ ಬಿಲ್ಲು ಸೊಟ್ಟಗಾಗಿರುತ್ತದೆ. ಪಕ್ಕದಲ್ಲಿರುವ ಗ್ಯಾಂಡಾಲ್ಫ್‌ನ ಬಿಳಿ ನಿಲುವಂಗಿ ಕೆನೆಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಜಿಗುಟು ಹತ್ತುತ್ತದೆ. ಯಾರೂ ಬೀಳಿಸಿಲ್ಲ, ಮಕ್ಕಳು ಮುಟ್ಟಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಗೊಂಬೆ ಕೂಡಿಡುವವರಿಗೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಂಥವೇ. ಇವಕ್ಕೆಲ್ಲ ಮೂಲ ಒಂದೇ: ಗೊಂಬೆ ಯಾವ ವಸ್ತುವಿನಿಂದ ಆಗಿದೆ, ಆ ವಸ್ತುವಿಗೆ ನಮ್ಮ ಬಿಸಿಲು, ದೂಳು, ಬೋರ್ ನೀರು ಏನು ಮಾಡುತ್ತವೆ ಎಂಬುದು. ಅದು ತಿಳಿದರೆ ಯಾವುದನ್ನು ಕೊಳ್ಳಬೇಕು, ಎಲ್ಲಿಡಬೇಕು, ಕೆಟ್ಟಾಗ ಹೇಗೆ ಸರಿಮಾಡಬೇಕು ಎಂಬುದಕ್ಕೆ ದಾರಿ ಸಿಗುತ್ತದೆ.

ಮೊದಲು ಗೊಂಬೆಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. ಪೀಟರ್ ಜಾಕ್ಸನ್ ನ್ಯೂಜಿಲೆಂಡಿನಲ್ಲಿ ಚಿತ್ರೀಕರಿಸಿದ ಮೂರು ಚಿತ್ರಗಳು 2001, 2002 ಮತ್ತು 2003ರ ಡಿಸೆಂಬರ್‌ನಲ್ಲಿ ತೆರೆಗೆ ಬಂದವು. ಮೂರನೆಯದು 11 ಆಸ್ಕರ್‌ಗಳಿಗೆ ನಾಮನಿರ್ದೇಶನಗೊಂಡು ಹನ್ನೊಂದನ್ನೂ ಗೆದ್ದಿತು. ‘ಹಾಬಿಟ್’ನ ಮೂರು ಚಿತ್ರಗಳು 2012ರಿಂದ 2014ರವರೆಗೆ ಬಂದವು. ಚಿತ್ರಗಳ ಕವಚ, ಕತ್ತಿ, ರಾಕ್ಷಸರ ಮುಖವಾಡಗಳನ್ನು ಮಾಡಿದ್ದು ವೆಲ್ಲಿಂಗ್ಟನ್ ನಗರದ ವೇಟಾ ವರ್ಕ್‌ಶಾಪ್. ಅದೇ ಸಂಸ್ಥೆ ಇಂದಿಗೂ ಚಿತ್ರದ ಪಾತ್ರಗಳ ಪ್ರತಿಮೆಗಳನ್ನು ಮಾಡಿ ಮಾರುತ್ತದೆ. ತೆರೆಯ ಮೇಲಿನ ವಸ್ತುವಿಗೂ ಮನೆಯ ಪ್ರತಿಮೆಗೂ ನಡುವೆ ಇಷ್ಟು ಹತ್ತಿರದ ನಂಟು ಸಿಗುವುದು ಅಪರೂಪ. ಈ ಸರಣಿಯ ಸಂಗ್ರಹಕ್ಕೆ ಇಷ್ಟು ಬೆಲೆ ಬರಲು ಅದೂ ಒಂದು ಕಾರಣ.

ಉಂಗುರದ ವಿಷಯವೂ ಹಾಗೇ. ಚಿತ್ರದ ಉಂಗುರವನ್ನು ಮಾಡಿಕೊಟ್ಟದ್ದು ನ್ಯೂಜಿಲೆಂಡಿನ ನೆಲ್ಸನ್ ಊರಿನ ಜೆನ್ಸ್ ಹ್ಯಾನ್ಸೆನ್ ಎಂಬ ಚಿನಿವಾರರ ಅಂಗಡಿ. ಬೇರೆ ಬೇರೆ ನಟರ ಬೆರಳಿಗೆ, ಬೇರೆ ಬೇರೆ ದೃಶ್ಯಕ್ಕೆಂದು ಸುಮಾರು 40 ಉಂಗುರಗಳು ತಯಾರಾದವು. ತೀರಾ ಹತ್ತಿರದಿಂದ ತೋರಿಸುವ ಒಂದು ದೃಶ್ಯಕ್ಕಾಗಿ ಮಾಡಿದ ಉಂಗುರ 20 ಸೆಂಟಿಮೀಟರ್ ಅಗಲದ್ದು. ಹಾಗಾಗಿ ‘ಚಿತ್ರದಲ್ಲಿದ್ದ ಅಳತೆಯದೇ ಉಂಗುರ’ ಎಂದು ಯಾರಾದರೂ ಮಾರಿದರೆ ಯಾವ ಉಂಗುರದ ಅಳತೆ ಎಂದು ಕೇಳಬೇಕಾಗುತ್ತದೆ.

ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ

ಈ ಕಥೆಗಳು ನಡೆಯುವ ಕಲ್ಪಿತ ಲೋಕವೇ ಮಧ್ಯಭೂಮಿ. ಅದರ ಹಕ್ಕುಗಳ ಲೆಕ್ಕ ಸ್ವಲ್ಪ ಜಟಿಲ. ಕಥೆಗಳನ್ನು ಬರೆದ ಟೋಲ್ಕೀನ್ ತಮ್ಮ ಕಾದಂಬರಿಗಳ ಚಲನಚಿತ್ರ ಮತ್ತು ಸರಕು ಮಾರಾಟದ ಹಕ್ಕನ್ನು 1969ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್‌ಗೆ ಕೊಟ್ಟರು. 1976ರಲ್ಲಿ ಅದು ನಿರ್ಮಾಪಕ ಸಾಲ್ ಜೇಂಟ್ಜ್ ಕೈಸೇರಿತು. ಅವರ ಸಂಸ್ಥೆಯೇ ಮುಂದೆ ಮಿಡ್ಲ್ ಅರ್ತ್ ಎಂಟರ್‌ಪ್ರೈಸಸ್ ಎಂದಾಯಿತು. 2022ರಲ್ಲಿ ಸ್ವೀಡನ್‌ನ ಎಂಬ್ರೇಸರ್ ಗುಂಪು ಅದನ್ನು ಕೊಂಡಿತು. ಜಾಕ್ಸನ್ ಚಿತ್ರಗಳ ದೃಶ್ಯ, ನಟರ ಮುಖಚಹರೆ, ವೇಷ ಇವುಗಳ ಹಕ್ಕು ನ್ಯೂ ಲೈನ್ ಸಂಸ್ಥೆಯದು, ಈಗ ಅದು ವಾರ್ನರ್ ಬ್ರದರ್ಸ್ ಜೊತೆಗಿದೆ. ಆದ್ದರಿಂದ ಚಿತ್ರದ ಮುಖವನ್ನೇ ಹೊತ್ತ ಅಸಲಿ ಗೊಂಬೆಯ ಪೆಟ್ಟಿಗೆಯ ಹಿಂಬದಿಯಲ್ಲಿ ನ್ಯೂ ಲೈನ್ ಹೆಸರೂ ಇರಬೇಕು, ಮಿಡ್ಲ್ ಅರ್ತ್ ಎಂಟರ್‌ಪ್ರೈಸಸ್ ಅಥವಾ ಸಾಲ್ ಜೇಂಟ್ಜ್ ಕಂಪನಿಯ ಹೆಸರೂ ಇರಬೇಕು. ಬರೀ ಎರಡನೆಯ ಹೆಸರಿದ್ದರೆ ಅದು ಕಾದಂಬರಿಯನ್ನು ಆಧರಿಸಿದ ಸರಕು, ನಟರ ಮುಖ ಅದರಲ್ಲಿ ಇರುವುದಿಲ್ಲ. ಎರಡೂ ಹೆಸರಿಲ್ಲದೆ ನಟನ ಮುಖ ಮಾತ್ರ ಇದ್ದರೆ ನಕಲಿ ಎಂದು ಧೈರ್ಯವಾಗಿ ಹೇಳಬಹುದು.

ಗೊಂಬೆಗಳ ಬಗೆಗಳು ಹಲವು. ಚಿತ್ರಗಳು ಬಂದ ಕಾಲದಲ್ಲೇ ಟಾಯ್ ಬಿಝ್ ಕಂಪನಿ 6 ಅಂಗುಲದ ಆಸುಪಾಸಿನ ಗೊಂಬೆಗಳನ್ನು ಹೊರತಂದಿತ್ತು. ಹಳೆಯ ಸಂಗ್ರಹಗಳಲ್ಲಿ ಈಗಲೂ ಇವೇ ಹೆಚ್ಚು. ಗೇಮ್ಸ್ ವರ್ಕ್‌ಶಾಪ್ 2001ರಿಂದ ಹೆಬ್ಬೆರಳಿಗಿಂತ ಚಿಕ್ಕದಾದ ಯುದ್ಧದಾಟದ ಸೈನಿಕರನ್ನು ಲೋಹದಲ್ಲೂ ಪ್ಲಾಸ್ಟಿಕ್‌ನಲ್ಲೂ ಮಾಡುತ್ತ ಬಂದಿದೆ. ತುಣುಕು ಜೋಡಿಸಿ ಕಟ್ಟುವ ಆಟಿಕೆಯ ಲೆಗೊ ಕಂಪನಿ ಮೊದಲ ಸೆಟ್‌ಗಳನ್ನು ತಂದದ್ದು 2012ರಲ್ಲಿ. 2023ರ ರಿವೆಂಡೆಲ್ ಸೆಟ್‌ನಲ್ಲಿ 6,167 ತುಣುಕು, 2024ರ ಬರಡ್‌ದೂರ್ ಗೋಪುರದಲ್ಲಿ 5,471 ತುಣುಕು. ಡೈಮಂಡ್ ಸೆಲೆಕ್ಟ್ 2021ರಿಂದ ತಂದ ಸರಣಿಯ ಮೊದಲ ಕಂತುಗಳಲ್ಲಿ ಒಂದೊಂದು ಗೊಂಬೆಯ ಜೊತೆ ಕಥೆಯ ಖಳ ಸೌರಾನ್‌ನ ಒಂದೊಂದು ಅಂಗ ಇರುತ್ತದೆ. ಎಲ್ಲ ಗೊಂಬೆಗಳನ್ನೂ ಕೊಂಡರೆ ಸೌರಾನ್ ಪೂರ್ತಿಯಾಗುತ್ತಾನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಈ ಅಂಗ ಪೆಟ್ಟಿಗೆಯಲ್ಲಿದೆಯೇ ಎಂದು ಕೇಳದಿದ್ದರೆ, ಒಂದು ತೋಳಿಗಾಗಿ ಆಮೇಲೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಬಟ್ಟೆ ತೊಟ್ಟ 12 ಅಂಗುಲದ ದೊಡ್ಡ ಗೊಂಬೆಗಳು, ಕಲ್ಲುಪುಡಿ ಬೆರೆಸಿದ ರೆಸಿನ್ ಪ್ರತಿಮೆಗಳು, ದಪ್ಪ ತಲೆಯ ಫಂಕೊ ಗೊಂಬೆಗಳು ಬೇರೆ.

ಇವನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಪ್ರಮಾಣ ನೋಡಿಕೊಳ್ಳಬೇಕು. ಪ್ರಮಾಣ ಎಂದರೆ ನಿಜ ಎತ್ತರವನ್ನು ಎಷ್ಟರಿಂದ ಭಾಗಿಸಿದ್ದಾರೆ ಎಂಬ ಲೆಕ್ಕ. 6 ಅಡಿ ಎಂದರೆ 72 ಅಂಗುಲ. 1:6 ಆದರೆ ಗೊಂಬೆ 12 ಅಂಗುಲ, 1:12 ಆದರೆ 6 ಅಂಗುಲ, 1:18 ಆದರೆ 4 ಅಂಗುಲ. ಫ್ರೋಡೊನಂಥ ಮೂರೂವರೆ ಅಡಿಯ ಕುಳ್ಳ ಹಾಬಿಟ್ 1:12ರಲ್ಲಿ ಮೂರೂವರೆ ಅಂಗುಲ ಮಾತ್ರ ಇರಬೇಕು. ಫ್ರೋಡೊ ಮನುಷ್ಯನಾದ ಅರಗಾರ್ನ್‌ನ ಭುಜ ಮುಟ್ಟುತ್ತಿದ್ದರೆ ಇಬ್ಬರೂ ಬೇರೆ ಬೇರೆ ಪ್ರಮಾಣದವರು ಎಂದರ್ಥ. ಈ ಚಿತ್ರಗಳಲ್ಲಿ ಎತ್ತರದ ವ್ಯತ್ಯಾಸವೇ ಅರ್ಧ ಸೊಬಗು. ಅದಕ್ಕೆಂದೇ ಚಿತ್ರತಂಡ ಕ್ಯಾಮೆರಾ ಕೋನ, ಎರಡೆರಡು ಅಳತೆಯ ಸೆಟ್, ಕುಳ್ಳ ಮತ್ತು ಎತ್ತರದ ಬದಲಿ ನಟರು ಎಂದು ಅಷ್ಟೆಲ್ಲ ಕಷ್ಟಪಟ್ಟಿತ್ತು. ಕಪಾಟಿನಲ್ಲಿ ಅದನ್ನು ಕೆಡಿಸಬೇಡಿ. ಬೆಲೆ ಕಡಿಮೆ ಸಿಕ್ಕಿತೆಂದು ಬೇರೆ ಪ್ರಮಾಣದ ಗೊಂಬೆ ತರುವುದಕ್ಕಿಂತ ಆ ಜಾಗ ಖಾಲಿ ಇರುವುದೇ ವಾಸಿ.

ಒಂದೇ ಗೊಂಬೆಯಲ್ಲಿ ನಾಲ್ಕು ವಸ್ತು

6 ಅಂಗುಲದ ಗೊಂಬೆಯನ್ನು ಕೈಗೆತ್ತಿಕೊಂಡು ಒತ್ತಿ ನೋಡಿ. ತಲೆಗೂದಲು, ನಿಲುವಂಗಿ, ಬಿಲ್ಲು, ಕತ್ತಿ ಸ್ವಲ್ಪ ಮಣಿಯುತ್ತವೆ. ಅವು ಪಿವಿಸಿ. ಎದೆ, ತೊಡೆಯಂಥ ಗಟ್ಟಿ ಭಾಗ ಸಾಮಾನ್ಯವಾಗಿ ಎಬಿಎಸ್, ಲೆಗೊ ತುಣುಕಿನದೇ ಪ್ಲಾಸ್ಟಿಕ್. ಮೊಣಕಾಲು, ಮೊಣಕೈಯ ಒಳಗಿನ ಗೂಟಗಳು ಕೆಲವು ಗೊಂಬೆಗಳಲ್ಲಿ ಪಿಒಎಂ ಎಂಬ ಜಾರುವ ಪ್ಲಾಸ್ಟಿಕ್‌ನವು. ಇದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಮೇಲೆ ಬಣ್ಣದ ಪದರ. ಒಂದೊಂದೂ ಕೆಡುವ ರೀತಿ ಬೇರೆ.

ಪಿವಿಸಿ ಮೂಲದಲ್ಲಿ ನೀರಿನ ಪೈಪಿನಷ್ಟು ಗಟ್ಟಿ. ಅದನ್ನು ಮೆದುಮಾಡಲು ಎಣ್ಣೆಯಂಥ ದ್ರವವನ್ನು ಬೆರೆಸುತ್ತಾರೆ, ಅದಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ. ಅದು ಪ್ಲಾಸ್ಟಿಕ್ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸಂದುಗಳಲ್ಲಿ ತುಂಬಿಕೊಂಡಿರುತ್ತದೆ ಅಷ್ಟೆ. ಕಾಲ ಕಳೆದಂತೆ, ಶಾಖ ಹೆಚ್ಚಿದಂತೆ ಮೇಲಕ್ಕೆ ಒಸರುತ್ತದೆ. ಮುಟ್ಟಿದಾಗ ಸಿಗುವ ಜಿಗುಟು ಅದೇ. ಗಾಳಿಯಾಡದ ಪ್ಲಾಸ್ಟಿಕ್ ಪೊಟ್ಟಣದೊಳಗೆ ವರ್ಷಾನುಗಟ್ಟಲೆ ಮುಚ್ಚಿಟ್ಟ ಗೊಂಬೆ ಹೊರಗಿಟ್ಟದ್ದಕ್ಕಿಂತ ಹೆಚ್ಚು ಜಿಗುಟಾಗುವುದಕ್ಕೂ ಇದೇ ಕಾರಣ. ಒಸರಿದ್ದು ಆರಿಹೋಗಲು ದಾರಿಯಿಲ್ಲದೆ ಮೈಮೇಲೇ ನಿಲ್ಲುತ್ತದೆ. ಪೆಟ್ಟಿಗೆ ತೆರೆಯದ ಗೊಂಬೆಗೆ ಬೆಲೆ ಹೆಚ್ಚು ಎಂಬುದು ನಿಜ, ಆದರೆ ತೆರೆಯದ್ದು ಒಳಗೆ ಚೆನ್ನಾಗಿಯೇ ಇರುತ್ತದೆ ಎಂದು ತಿಳಿಯಬೇಡಿ.

ಬಾಗುವುದಕ್ಕೂ ಮೆದು ಪಿವಿಸಿಯೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಹಗಲು 35 ಡಿಗ್ರಿ ದಾಟುವುದು ಮಾಮೂಲು. ಶೀಟಿನ ಮನೆಯಲ್ಲಿ, ತಾರಸಿಗೆ ತಾಗಿದ ಅಟ್ಟದಲ್ಲಿ, ಪಡುವಣ ಗೋಡೆಗೆ ಒರಗಿಸಿದ ಶೋಕೇಸಿನಲ್ಲಿ ಶಾಖ ಇನ್ನೂ ಮೇಲಿರುತ್ತದೆ. ಅಷ್ಟರಲ್ಲಿ ಪಿವಿಸಿ ಕರಗುವುದಿಲ್ಲ. ಆದರೆ ಇಡೀ ಮೈಯ ಭಾರ ಕಣಕಾಲಿನ ತೆಳು ಜಾಗದ ಮೇಲೆ ತಿಂಗಳುಗಟ್ಟಲೆ ಬಿದ್ದಾಗ ಅದು ಸ್ವಲ್ಪಸ್ವಲ್ಪವಾಗಿ ಮಣಿಯುತ್ತದೆ. ಓಡುವ ಭಂಗಿಯ, ಒಂಟಿಕಾಲಿನ ಗೊಂಬೆಗಳು ಮೊದಲು ಬಾಗುತ್ತವೆ. ಸೊಂಟಕ್ಕೆ ಆಸರೆ ಕೊಡುವ ಪಾರದರ್ಶಕ ಸ್ಟ್ಯಾಂಡ್ ಹಾಕಿದರೆ ಭಾರ ಕಾಲಿನ ಮೇಲೆ ಬೀಳುವುದು ತಪ್ಪುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಗೊಂಬೆಯನ್ನು ಬಿಡಲೇಬೇಡಿ, ಅಲ್ಲಿ 60 ಡಿಗ್ರಿ ದಾಟಬಹುದು, ಒಂದು ಮಧ್ಯಾಹ್ನ ಸಾಕು.

ಎಬಿಎಸ್‌ಗೆ ಶಾಖದ ಕಾಟ ಅಷ್ಟಿಲ್ಲ, ಅದರ ಶತ್ರು ಬೆಳಕು. ಅದರಲ್ಲಿರುವ ರಬ್ಬರಿನ ಅಂಶ ನೇರಳಾತೀತ ಕಿರಣಕ್ಕೆ ಸಿಕ್ಕಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಳದಿಗಟ್ಟುತ್ತದೆ, ಆಮೇಲೆ ಪೆಡಸಾಗುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ನಿಂತಿರುವುದೇ ಈ ಸೀಮೆಯ ಬಿಸಿಲಿನ ಬಲದ ಮೇಲೆ. ಅದೇ ಬಿಸಿಲು ಕಿಟಕಿಯಿಂದ ದಿನಕ್ಕೆ ಒಂದು ಗಂಟೆ ಬಿದ್ದರೂ ಬಿಳಿ, ಬೂದು ತುಣುಕುಗಳು ಬಣ್ಣಗೆಡುತ್ತವೆ. ಕಿಟಕಿಯ ಗಾಜು ಕಾಪಾಡುತ್ತದೆ ಎಂದುಕೊಳ್ಳುವವರಿದ್ದಾರೆ. ಸಾಧಾರಣ ಗಾಜು ನೇರಳಾತೀತದ ಒಂದು ಭಾಗವನ್ನು ಮಾತ್ರ ತಡೆಯುತ್ತದೆ, ಉಳಿದದ್ದು ಒಳಬರುತ್ತದೆ. ಶೋಕೇಸನ್ನು ಕಿಟಕಿಯ ಎದುರಿಗಲ್ಲ, ಕಿಟಕಿಯಿರುವ ಗೋಡೆಗೇ ಆನಿಸಿ ಇಟ್ಟರೆ ನೇರ ಬಿಸಿಲು ತಾಗುವುದಿಲ್ಲ. ಲೆಗೊ ಹಳೆಯ ಸೆಟ್‌ಗಳ ಕಂದು ತುಣುಕುಗಳು ಬೇರೆ ಬಣ್ಣದವಕ್ಕಿಂತ ಬೇಗ ಪೆಡಸಾಗಿ ಬಿರುಕು ಬಿಡುತ್ತವೆ. ಮರ, ಬಾಗಿಲು, ಕುದುರೆ ಎಂದು ಮಧ್ಯಭೂಮಿಯ ಸೆಟ್‌ಗಳಲ್ಲಿ ಕಂದು ಹೆಚ್ಚು. ಹಳೆಯ ಸೆಟ್ ಬಿಚ್ಚುವಾಗ ಉಗುರು ಹಾಕಿ ಎಳೆಯದೆ, ತುಣುಕು ಬಿಡಿಸುವ ಸಾಧನವನ್ನೇ ಬಳಸಿ.

ರೆಸಿನ್ ಪ್ರತಿಮೆ ಬಿಸಿಲಿಗೆ ಸುಲಭವಾಗಿ ಬಾಗದು, ಬಿದ್ದರೆ ಮಾತ್ರ ಪಿಂಗಾಣಿಯ ಹಾಗೆ ಚೂರಾಗುತ್ತದೆ. 12 ಅಂಗುಲದ ಗೊಂಬೆಗಳ ಕೃತಕ ಚರ್ಮದ ಬೂಟು, ಬೆಲ್ಟು, ಕವಚದ ಪಟ್ಟಿಗಳು ಬೇರೆಯದೇ ಕಥೆ. ಬಟ್ಟೆಯ ಮೇಲೆ ಬಳಿದ ಪಾಲಿಯುರೇಥೇನ್ ಪದರ ಗಾಳಿಯ ತೇವಕ್ಕೆ ಒಡೆದು ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ. ಇದನ್ನು ನಿಧಾನಿಸಬಹುದು, ನಿಲ್ಲಿಸಲಾಗದು. ಕರಾವಳಿಯವರಿಗೆ ಹೋಲಿಸಿದರೆ ನಮ್ಮ ಒಣ ಹವೆ ಈ ವಿಷಯದಲ್ಲಿ ದೊಡ್ಡ ವರ. ಮಳೆಗಾಲದಲ್ಲಿ ಶೋಕೇಸಿನೊಳಗೆ ಸಿಲಿಕಾ ಜೆಲ್ ಚೀಲವಿಟ್ಟು, ಅದರ ಬಣ್ಣ ಬದಲಾದಾಗ ಹೊಸದು ಹಾಕಿದರೆ ಇನ್ನಷ್ಟು ವರ್ಷ ಬಾಳುತ್ತದೆ. ಚರ್ಮ ಮಡಚಿದ ಭಂಗಿಯಲ್ಲಿ ಗೊಂಬೆಯನ್ನು ನಿಲ್ಲಿಸಬೇಡಿ. ಮೊದಲ ಬಿರುಕು ಮಡಿಕೆಯಲ್ಲೇ ಬರುತ್ತದೆ.

ಬೋರ್ ನೀರು, ಕಲ್ಲಿನ ದೂಳು

ತೊಳೆಯುವ ಸಲಹೆ ಕೊಡುವವರು ಸಾಮಾನ್ಯವಾಗಿ ಮೆದು ನೀರಿನ ಊರಿನವರು. ‘ನಲ್ಲಿ ನೀರಲ್ಲಿ ತೊಳೆದು ಒಣಗಿಸಿ’ ಎಂದುಬಿಡುತ್ತಾರೆ. ನಮ್ಮಲ್ಲಿ ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ನೂರಾರು ಅಡಿ ಆಳದ ಬೋರ್‌ವೆಲ್ಲಿನ ಗಡಸು ನೀರು. ಬಚ್ಚಲ ಬಕೆಟ್ಟಿಗೆ, ಸ್ಟೀಲ್ ಪಾತ್ರೆಗೆ ಹಿಡಿಯುವ ಬಿಳಿ ಕಲೆಯೇ ಗೊಂಬೆಗೂ ಹಿಡಿಯುತ್ತದೆ. ಹನಿ ಆರಿದ ಜಾಗದಲ್ಲಿ ಸುಣ್ಣದ ಅಂಶ ಉಳಿದು, ನಾಜ್ಗುಲ್‌ನ ಕರಿ ನಿಲುವಂಗಿಯ ಮೇಲೆ ಬೂದಿ ಉದುರಿಸಿದ ಹಾಗೆ ಕಾಣುತ್ತದೆ.

ಹೀಗೆ ಮಾಡಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ ಹಾಕಿ. ನೀರು 40 ಡಿಗ್ರಿ ಮೀರದಿರಲಿ. ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್‌ನಿಂದ ಮೇಲಿಂದ ಕೆಳಗೆ ಉಜ್ಜಿ, ಬಣ್ಣ ಬಳಿದ ಕಣ್ಣು ಹುಬ್ಬುಗಳನ್ನು ಬಿಟ್ಟುಬಿಡಿ. ಈ ಹಂತಕ್ಕೆ ಬೋರ್ ನೀರಾದರೂ ನಡೆಯುತ್ತದೆ. ಕೊನೆಯ ಜಾಲಾಡುವಿಕೆಗೆ ಮಾತ್ರ ಊರಿನ ಶುದ್ಧ ನೀರಿನ ಘಟಕದ ನೀರನ್ನೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೋ ಬಳಸಿ. ಹಳೆಯ ಮೆದು ಹತ್ತಿ ಬಟ್ಟೆಯಿಂದ ಒತ್ತಿ ಒರಸಿ ನೆರಳಿನಲ್ಲಿ ಒಣಗಿಸಿ. ಮೊದಲೇ ಕಲೆ ಹಿಡಿದಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಎರಡು ನಿಮಿಷ ಇಟ್ಟು ತೊಳೆಯಿರಿ. ಲೋಹದ ಭಾಗಕ್ಕೆ ಇದನ್ನು ತಾಗಿಸಬೇಡಿ. ಬಟ್ಟೆ ತೊಟ್ಟ ಗೊಂಬೆ, ಸ್ಟಿಕರ್ ಅಂಟಿಸಿದ ಭಾಗ, ಬ್ಯಾಟರಿಯಿರುವ ಗೊಂಬೆ ಇವನ್ನು ನೀರಿಗೆ ಹಾಕುವಂತೆಯೇ ಇಲ್ಲ.

ಜಿಗುಟಾದ ಪಿವಿಸಿಗೂ ಇದೇ ಸ್ನಾನ. ಆಮೇಲೆ ಎರಡು ಮೂರು ದಿನ ಗಾಳಿಯಾಡುವ ನೆರಳಿನಲ್ಲಿಡಿ. ಕೆಲವು ತಿಂಗಳಿಗೆ ಮತ್ತೆ ಜಿಗುಟು ಬರಬಹುದು, ಒಳಗಿನದು ಇನ್ನೂ ಒಸರುತ್ತಿರುತ್ತದೆ. ಪೌಡರ್ ಹಾಕಿದರೆ ಜಿಗುಟು ಮುಚ್ಚಿಹೋದಂತೆ ಕಂಡರೂ ಅದು ಸಂದುಗಳಲ್ಲಿ ಕೆಸರಾಗಿ ಕೂರುತ್ತದೆ, ಹಾಕಬೇಡಿ.

ದೂಳಿನ ವಿಷಯದಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರು ಹೆಚ್ಚು ಎಚ್ಚರವಿರಬೇಕು. ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ಸುತ್ತಿನ ದೂಳಿನಲ್ಲಿ ಗ್ರಾನೈಟಿನ ಸ್ಫಟಿಕಶಿಲೆಯ ಕಣಗಳಿರುತ್ತವೆ. ಗಡಸುತನದ 1ರಿಂದ 10ರ ಮಾಪನದಲ್ಲಿ ಅದಕ್ಕೆ 7, ಯಾವ ಪ್ಲಾಸ್ಟಿಕ್ಕಿಗಿಂತಲೂ ಗಟ್ಟಿ. ಒಣ ಬಟ್ಟೆಯಿಂದ ಒರಸಿದರೆ ಉಪ್ಪುಕಾಗದ ಉಜ್ಜಿದ ಹಾಗೆಯೇ. ಅಕ್ರಿಲಿಕ್ ಮುಚ್ಚಳ ಒಂದೇ ವರ್ಷದಲ್ಲಿ ಮಂಕಾಗುವುದು ಇದರಿಂದ. ಮೊದಲು ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಊದುಗುಂಡಿನಿಂದ ಊದಿ, ಆಮೇಲೆ ಮೆದು ಬಣ್ಣದ ಬ್ರಷ್‌ನಿಂದ ತಳ್ಳಿ, ಕೊನೆಯಲ್ಲಿ ಬೇಕಿದ್ದರೆ ಒದ್ದೆ ಬಟ್ಟೆ. ಗಾಜಿನ ಬಾಗಿಲಿನ ಸಂದಿಗೆ ಬಾಗಿಲು ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ. ಪೂರ್ತಿ ಮುಚ್ಚಬೇಡಿ, ಒಸರಿದ ಆವಿ ಹೊರಹೋಗಲು ಹಿಂಬದಿಯಲ್ಲಿ ಬಟ್ಟೆ ಮುಚ್ಚಿದ ಒಂದು ಸಣ್ಣ ರಂಧ್ರವಿರಲಿ. ಕ್ವಾರಿಯ ಸಿಡಿತಕ್ಕೋ ಹೆದ್ದಾರಿಯ ಲಾರಿಗಳಿಗೋ ಮನೆ ನಡುಗುವ ಕಡೆ ಗೊಂಬೆಗಳು ದಿನಕ್ಕೆ ಕೂದಲೆಳೆಯಷ್ಟು ಜರುಗಿ ಒಂದು ದಿನ ಅಂಚಿನಿಂದ ಬೀಳುತ್ತವೆ. ಪಾದದ ಕೆಳಗೆ ತೆಗೆಯಲು ಬರುವ ಅಂಟುಮುದ್ದೆಯ ಸಣ್ಣ ತುಂಡು ಸಾಕು.

ದಸರಾ ಗೊಂಬೆಯ ಪೆಟ್ಟಿಗೆ

ನಮ್ಮ ಮನೆಗಳಿಗೆ ಗೊಂಬೆ ಕಾಪಾಡುವುದು ಹೊಸದಲ್ಲ. ಪಟ್ಟದ ಗೊಂಬೆಗಳನ್ನು ಒಂಬತ್ತು ದಿನ ಮೆಟ್ಟಿಲ ಮೇಲೆ ಕೂರಿಸಿ, ಉಳಿದ ದಿನಗಳಲ್ಲಿ ಹಳೆಯ ಹತ್ತಿ ಬಟ್ಟೆ ಸುತ್ತಿ ಟ್ರಂಕಿನಲ್ಲಿಡುವ ರೂಢಿ ಎಷ್ಟೋ ತಲೆಮಾರಿನದು. ಎಲ್ಲವನ್ನೂ ವರ್ಷವಿಡೀ ಬೆಳಕಿಗೆ ಒಡ್ಡದೆ ಸರದಿಯಲ್ಲಿ ತೋರಿಸುವ ಈ ಕ್ರಮ ಪ್ಲಾಸ್ಟಿಕ್ ಗೊಂಬೆಗೂ ಬಹಳ ಒಳ್ಳೆಯದು. ಮೆಟ್ಟಿಲ ಜೋಡಣೆಯೂ ಹಾಗೇ. ಹಾಬಿಟ್‌ಗಳನ್ನು ಮುಂದಿನ ಮೆಟ್ಟಿಲಲ್ಲಿ, ನಡೆದಾಡುವ ಮರಗಳಾದ ಎಂಟ್‌ಗಳನ್ನು ಹಿಂದಿನ ಎತ್ತರದ ಮೆಟ್ಟಿಲಲ್ಲಿ ಇಟ್ಟರೆ ಯಾರೂ ಯಾರನ್ನೂ ಮರೆಮಾಡುವುದಿಲ್ಲ.

ಆದರೆ ಆ ಟ್ರಂಕಿನ ಒಂದು ಅಭ್ಯಾಸವನ್ನು ಇಲ್ಲಿಗೆ ತರಲೇಬಾರದು: ನುಸಿಗುಳಿಗೆ. ಮರಕ್ಕೆ, ರೇಷ್ಮೆಗೆ ಅದು ಸರಿ. ಅದರ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಮೇಲ್ಮೈಯನ್ನು ಹಾಳುಮಾಡುತ್ತದೆ. ಯುದ್ಧದಾಟದ ಚಿಕ್ಕ ಸೈನಿಕರೂ ಹಲವು ಪೆಟ್ಟಿಗೆಗಳ ಒಳತಟ್ಟೆಯೂ ಆ ಜಾತಿಯವೇ. ಹುಳದ ಭಯವಿದ್ದರೆ ಪೆಟ್ಟಿಗೆಯ ಹೊರಗೆ ಒಣ ಬೇವಿನೆಲೆಯ ಪೊಟ್ಟಣ ಇಡಿ. ವೃತ್ತಪತ್ರಿಕೆಯಲ್ಲಿ ಸುತ್ತಬೇಡಿ, ಶಾಖಕ್ಕೆ ಮಸಿ ಬಿಳಿ ಪಿವಿಸಿಗೆ ಇಳಿದರೆ ಮತ್ತೆ ಬರುವುದಿಲ್ಲ. ರಬ್ಬರ್ ಬ್ಯಾಂಡೂ ಬೇಡ, ಅದು ಕರಗಿ ಗೆರೆ ಬೀಳಿಸುತ್ತದೆ. ಮೆದು ಪಿವಿಸಿ ಗೊಂಬೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಆಯುಧ ತಾಗಿಸಿ ವರ್ಷಗಟ್ಟಲೆ ಇಟ್ಟರೆ ಒಸರಿದ ಪ್ಲಾಸ್ಟಿಸೈಜರ್ ಅದನ್ನೂ ತಿನ್ನುತ್ತದೆ, ಆದ್ದರಿಂದ ಒಂದೊಂದನ್ನೂ ಬೇರೆ ಬೇರೆ ಪಾಲಿಥೀನ್ ಕವರಿನಲ್ಲಿ ಬಾಯಿ ತೆರೆದೇ ಇಡಿ.

ಖಾಲಿ ಪೆಟ್ಟಿಗೆಗಳಿಗೂ ಬೆಲೆಯಿದೆ. ಅವನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸಿ ಇಟ್ಟರೆ ಗೆದ್ದಲು ಒಳಗಿನಿಂದ ತಿನ್ನುತ್ತದೆ, ಹೊರಮೈ ಹಾಗೇ ಇರುವುದರಿಂದ ಗೊತ್ತೇ ಆಗುವುದಿಲ್ಲ. ಕಬ್ಬಿಣದ ರ‍್ಯಾಕ್‌ನಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟು, ಎರಡು ತಿಂಗಳಿಗೊಮ್ಮೆ ಎತ್ತಿ ನೋಡಿ.

ಕೆಟ್ಟಾಗ

ಬಾಗಿದ ಕಾಲು, ಸೊಟ್ಟ ಕತ್ತಿ: ನೀರನ್ನು 65ರಿಂದ 70 ಡಿಗ್ರಿಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ತಳದಲ್ಲಿ ಗುಳ್ಳೆ ಕಟ್ಟತೊಡಗಿದಾಗಲೇ ಒಲೆ ಆರಿಸಿ, ಕುದಿಸಬೇಡಿ. ಬಾಗಿದ ಭಾಗವನ್ನು ಮಾತ್ರ 30ರಿಂದ 60 ಸೆಕೆಂಡು ಅದ್ದಿ, ತೆಗೆದು ಬೇಕಾದ ಆಕಾರಕ್ಕೆ ತಂದು, ಅದೇ ಆಕಾರದಲ್ಲಿ ಹಿಡಿದುಕೊಂಡೇ ಐಸ್ ಹಾಕಿದ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ. ತಣ್ಣೀರಿನ ಹಂತ ಬಿಟ್ಟರೆ ಸಂಜೆಯೊಳಗೆ ಮತ್ತೆ ಬಾಗುತ್ತದೆ. ಸ್ವಲ್ಪ ಹೆಚ್ಚು ಹಿಂದಕ್ಕೆ ತಂದು ತಣಿಸಿದರೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ.

ಅಲುಗಾಡದ ಕೀಲು: ಬಣ್ಣ ಮೆತ್ತಿಕೊಂಡು ಹೊಸ ಗೊಂಬೆಯ ಕೀಲು ಹಿಡಿದಿರುತ್ತದೆ. ಬಲ ಹಾಕಿ ತಿರುಗಿಸಿದರೆ ಗೂಟ ಮುರಿಯುತ್ತದೆ. ಡಿಸೆಂಬರ್, ಜನವರಿಯ ಚಳಿಯ ಬೆಳಗಿನಲ್ಲಿ ಪ್ಲಾಸ್ಟಿಕ್ ಇನ್ನೂ ಪೆಡಸು. ಕೊರಿಯರ್ ಪೆಟ್ಟಿಗೆ ಬಂದ ಕೂಡಲೇ ತೆರೆದು ಭಂಗಿ ಕೊಡುವ ಆತುರ ಬೇಡ. ಹೇರ್ ಡ್ರೈಯರ್ ಹಿಡಿದು ಅರ್ಧ ನಿಮಿಷ ಬೆಚ್ಚಗೆ ಮಾಡಿ, ಹಿಂದೆ ಮುಂದೆ ಸ್ವಲ್ಪವೇ ಆಡಿಸಿ.

ಸಡಿಲ ಕೀಲು: ಬಿಳಿ ಮರದಂಟಿಗೆ ಅಷ್ಟೇ ನೀರು ಬೆರೆಸಿ, ಕಡ್ಡಿಯ ತುದಿಯಿಂದ ಒಂದು ಹನಿ ಕೀಲಿನೊಳಗೆ ಬಿಟ್ಟು, ಒಣಗುವವರೆಗೆ ಆಗಾಗ ಆಡಿಸುತ್ತಿರಿ. ತೆಳು ಪದರ ಕೂತು ಬಿಗಿ ಬರುತ್ತದೆ. ಉಗುರುಬಣ್ಣ ಹಚ್ಚುವವರಿದ್ದಾರೆ. ಅದರಲ್ಲಿರುವ ದ್ರಾವಕಗಳು ಎಬಿಎಸ್ಸನ್ನು ಕರಗಿಸಬಲ್ಲವು, ಬೇಡ.

ಹಳದಿಗಟ್ಟಿದ ಲೆಗೊ: ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮೇಲೆ ಚಿತ್ರ ಅಚ್ಚುಹಾಕಿಲ್ಲದ, ಸ್ಟಿಕರಿಲ್ಲದ ತುಣುಕುಗಳನ್ನು ಗಾಜಿನ ಜಾಡಿಯಲ್ಲಿ ಮುಳುಗಿಸಿ ಬಿಸಿಲಿನಲ್ಲಿಡಿ. ಗಂಟೆಗೊಮ್ಮೆ ಕಲಕಿ, ತೇಲುವ ತುಣುಕುಗಳನ್ನು ಅದುಮಿ. ಐದಾರು ಗಂಟೆ ಸಾಕು. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಗಾಳಿ ಉತ್ಪತ್ತಿಯಾಗಿ ಜಾಡಿ ಸಿಡಿಯಬಹುದು. ಕೈಗವಸು ಕಡ್ಡಾಯ. ಬಿಳುಪು ಮರಳುತ್ತದೆ, ಆದರೆ ಪೆಡಸುತನ ಹೋಗುವುದಿಲ್ಲ, ಮುಂದೆ ಮತ್ತೆ ಹಳದಿಯಾಗಲೂಬಹುದು.

ಒಡೆದ ರೆಸಿನ್ ಪ್ರತಿಮೆಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಬಳಸಿ. ಭಾರದ ತೋಳಾದರೆ ಎರಡೂ ಕಡೆ ಒಂದು ಮಿಲಿಮೀಟರ್ ತೂತು ಕೊರೆದು ಒಳಗೆ ತಂತಿ ಸೇರಿಸಿ ಅಂಟಿಸಿ. ಒಂದು ದಿನ ಮುಟ್ಟಬೇಡಿ.

ಕೊಳ್ಳುವಾಗ

ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ಜಾತ್ರೆ, ನಂದಿಯ ತೇರಿನಂಥ ಕಡೆ ಸಿಗುವ ಅಗ್ಗದ ಗೊಂಬೆಗಳನ್ನು ಮಗುವಿಗೆ ಕೊಡಿಸುವ ಮುನ್ನ ಒಮ್ಮೆ ಮೂಸಿ ನೋಡಿ. ಸೀಮೆಎಣ್ಣೆ, ಬಣ್ಣದಂಥ ಘಾಟು ಇದ್ದರೆ ಬೇಡ. ಭಾರತದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ದೊಡ್ಡವರ ಸಂಗ್ರಹಕ್ಕೆಂದೇ ಮಾಡಿದ ಗೊಂಬೆಗಳ ಮೇಲೆ ವಯಸ್ಸಿನ ಎಚ್ಚರಿಕೆ ಬೇರೆ ಇರುತ್ತದೆ. ಅವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು, ಮೊನಚು ಭಾಗಗಳೂ ನುಂಗುವಂಥ ತುಂಡುಗಳೂ ಇರುತ್ತವೆ.

ನಕಲಿ ಲೆಗೊವನ್ನು ಗುರುತಿಸುವುದು ಸುಲಭ. ಅಸಲಿಯ ಪ್ರತಿ ಗುಬುಟಿನ ಮೇಲೂ ಕಂಪನಿಯ ಹೆಸರು ಉಬ್ಬಿರುತ್ತದೆ. ಫಂಕೊ ಗೊಂಬೆಯ ಪಾದದ ಅಡಿಯಲ್ಲೋ ಕುತ್ತಿಗೆಯಲ್ಲೋ ಇರುವ ಸಂಖ್ಯೆಯನ್ನು ಪೆಟ್ಟಿಗೆಯ ಸಂಖ್ಯೆಯೊಂದಿಗೆ ಹೋಲಿಸಿ. ಉಳಿದ ಗೊಂಬೆಗಳಲ್ಲಿ ಪಾದದಡಿ ಅಥವಾ ಬೆನ್ನಿನಲ್ಲಿ ಹಕ್ಕುದಾರರ ಹೆಸರು, ಇಸವಿ ಅಚ್ಚಾಗಿರಬೇಕು. ಅಸಲಿಯಿಂದ ಅಚ್ಚು ತೆಗೆದು ಮಾಡಿದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಅಂಚುಗಳು ಮೊಂಡಾಗಿರುತ್ತವೆ, ಕಣ್ಣಿನ ಬಣ್ಣ ಗೆರೆ ದಾಟಿರುತ್ತದೆ.

ಅಂಗಡಿಯಲ್ಲಿ ಬೆಲೆ ಇಷ್ಟೇಕೆ ಎಂಬ ಪ್ರಶ್ನೆಗೆ ಉತ್ತರ ಸುಂಕದಲ್ಲಿದೆ. ವ್ಯಾಪಾರಕ್ಕೆ ತರಿಸುವ ಆಟಿಕೆಯ ಮೇಲಿನ ಮೂಲ ಆಮದು ಸುಂಕ 2020ರ ಫೆಬ್ರವರಿಯಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸುಂಕವನ್ನು ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. 5,000 ರೂಪಾಯಿಯ ಗೊಂಬೆಗೆ 2,000 ಸಾಗಣೆಯಾದರೆ ಲೆಕ್ಕ ಶುರುವಾಗುವುದು 7,000ದಿಂದ. ಅದರ ಶೇ 70 ಎಂದರೆ 4,900. ಒಟ್ಟು 11,900, ಅದರ ಮೇಲೆ ಐಜಿಎಸ್‌ಟಿ, ಆಮೇಲೆ ಅಂಗಡಿಯವರ ಲಾಭ. ಸ್ವಂತಕ್ಕೆ ಕೊರಿಯರ್‌ನಲ್ಲಿ ತರಿಸಿದರೆ ದರದ ಲೆಕ್ಕ ಬೇರೆ. ಆರ್ಡರ್ ಹಾಕುವ ಮುನ್ನ ಕೊರಿಯರ್ ಕಂಪನಿಯಿಂದ ಅಂದಿನ ದರ ಕೇಳಿ, ಗುರುತಿನ ದಾಖಲೆ ಸಿದ್ಧವಿಟ್ಟುಕೊಳ್ಳಿ. ಅರಗಾರ್ನ್‌ನ ಆಂಡೂರಿಲ್‌ನಂಥ ಉಕ್ಕಿನ ಕತ್ತಿಯನ್ನು ಮಾತ್ರ ತರಿಸುವ ಮುನ್ನ ಯೋಚಿಸಿ. 9 ಅಂಗುಲಕ್ಕಿಂತ ಉದ್ದದ ಅಲಗು ನಮ್ಮ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಕಸ್ಟಮ್ಸ್‌ನಲ್ಲಿ ತಡೆಹಿಡಿಯಬಹುದು. ಫೋಮ್ ಅಥವಾ ಪ್ಲಾಸ್ಟಿಕ್ ಪ್ರತಿಕೃತಿಗೆ ಆ ತಾಪತ್ರಯವಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ನಾಲ್ಕು ಫೋಟೋ ಕೇಳಿ: ಪಾದದಡಿ, ಕುತ್ತಿಗೆಯ ಹಿಂಭಾಗ, ಎಲ್ಲ ಕೀಲುಗಳು, ಬ್ಯಾಟರಿ ಗೂಡು. ಫೋಟೋದಲ್ಲಿ ಅಂದಿನ ದಿನಾಂಕ ಬರೆದ ಚೀಟಿ ಇರಲಿ. ಪೆಟ್ಟಿಗೆ ಕೈಗೆ ಬಂದಾಗ ಸೀಲ್ ಒಡೆಯುವುದರಿಂದ ಹಿಡಿದು ನಿಲ್ಲಿಸದೆ ವಿಡಿಯೊ ಮಾಡಿ, ದೂರು ಕೊಡಬೇಕಾದರೆ ಅದೇ ಸಾಕ್ಷಿ. ಬ್ಯಾಟರಿ ಗೂಡಿಗೆ ಇಷ್ಟು ಒತ್ತು ಏಕೆಂದರೆ, ಮಾತಾಡುವ, ಬೆಳಗುವ ಹಳೆಯ ಗೊಂಬೆಗಳಲ್ಲಿ ಬಿಟ್ಟ ಸೆಲ್ ಸೋರಿ ಬಿಳಿ ಉಪ್ಪು ಕಟ್ಟಿರುತ್ತದೆ. ಆಲ್ಕಲೈನ್ ಸೆಲ್‌ನದು ಕ್ಷಾರ. ಕೈಗವಸು ಹಾಕಿ, ವಿನೆಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಕಡ್ಡಿಯಿಂದ ಒರಸಿ, ಆಮೇಲೆ ಡಿಸ್ಟಿಲ್ಡ್ ನೀರು ತಾಗಿಸಿದ ಕಡ್ಡಿಯಿಂದ ಒಮ್ಮೆ ಒರಸಿ, ಒಂದು ದಿನ ಒಣಗಲು ಬಿಡಿ. ಸ್ಪ್ರಿಂಗಿಗೆ ಹಸಿರು ಹತ್ತಿದ್ದರೆ ಮಾತ್ರ ಉಪ್ಪುಕಾಗದದ ಚಿಕ್ಕ ತುಂಡಿನಿಂದ ಹೊಳಪು ಬರುವವರೆಗೆ ಉಜ್ಜಿ. ಹೊಸ ಸೆಲ್ ಹಾಕಿ ದನಿ ಕೇಳಿದ ಮೇಲೆ, ಅದನ್ನು ಮತ್ತೆ ಹೊರತೆಗೆದೇ ಗೊಂಬೆಯನ್ನು ಶೋಕೇಸಿಗಿಡಿ.